ಎಡದಂಡೆ ನಿಜಾಮರದ್ದು, ಬಲದಂಡೆ ಕಂಪನಿಯದ್ದು

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರೆಸ್ಟ್ ಗೇಟಿನ ಚೈನ್ ತುಂಡಾಯಿತು. ಗೇಟು ಕೊಚ್ಚಿಕೊಂಡು ಹೋಯಿತು. ಡ್ಯಾಂ ತುಂಬಿದೆ, ಈ ಸಲ ಎರಡು ಬೆಳೆಗೆ ನೀರು ಸಿಗುತ್ತದೆ ಎಂದು ರೈತರು ಲೆಕ್ಕ ಹಾಕುತ್ತಿದ್ದ ಸಮಯ ಅದು. ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ತೆರೆಯಬೇಕಾಯಿತು. ಹತ್ತಾರು ಟಿಎಂಸಿ ನೀರು ಹೊಳೆ ಪಾಲಾಯಿತು. ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ಉಕ್ಕಿನ ತಡೆಹಲಗೆಗಳನ್ನು ಇಳಿಸಿ ಒಂದು ವಾರದಲ್ಲಿ ಆ ಬಾಯಿಯನ್ನು ಮುಚ್ಚಿದರು. ಆಮೇಲೆ ಶುರುವಾಯಿತು ನೋಡಿ, ಹೊಣೆ ಯಾರದು ಎಂಬ ಜಗಳ. ರಾಜ್ಯದ್ದಾ? ಕೇಂದ್ರದ್ದಾ? ಮಂಡಳಿಯದ್ದಾ?

ಅಣೆಕಟ್ಟೆಯ ಎರಡೂ ದಡ ಇರುವುದು ಕರ್ನಾಟಕದಲ್ಲೇ. ಒಂದು ಕಡೆ ಹೊಸಪೇಟೆ, ಇನ್ನೊಂದು ಕಡೆ ಕೊಪ್ಪಳ ಜಿಲ್ಲೆಯ ಮುನಿರಾಬಾದ್. ಆದರೂ ಅದನ್ನು ನಡೆಸುವುದು ನಮ್ಮ ನೀರಾವರಿ ಇಲಾಖೆ ಮಾತ್ರ ಅಲ್ಲ. ಆಂಧ್ರ, ತೆಲಂಗಾಣಕ್ಕೂ ಜಾಗ ಇರುವ ತುಂಗಭದ್ರಾ ಮಂಡಳಿ. ಮದ್ರಾಸಿನಿಂದ ಆಂಧ್ರ ಬೇರೆಯಾದ 1953ರಲ್ಲಿ ಈ ಮಂಡಳಿ ಹುಟ್ಟಿತು. ಆದರೆ ಒಂದು ಹೊಳೆಗೆ ಇಷ್ಟು ಯಜಮಾನರು ಯಾಕೆ ಎಂಬ ಪ್ರಶ್ನೆಗೆ ಉತ್ತರ ಬೇಕಾದರೆ ಇನ್ನೂ ಹಿಂದಕ್ಕೆ, 1800ಕ್ಕೆ ಹೋಗಬೇಕು. ಆ ವರ್ಷ ಈ ಹೊಳೆ ಗಡಿಯಾಯಿತು. ಅದರ ಬಲಕ್ಕಿದ್ದ ಬಳ್ಳಾರಿ ಈಸ್ಟ್ ಇಂಡಿಯಾ ಕಂಪನಿಗೆ ಹೋಯಿತು. ಎಡಕ್ಕಿದ್ದ ರಾಯಚೂರು, ಕೊಪ್ಪಳ ನಿಜಾಮರಲ್ಲೇ ಉಳಿದವು.

ಯುರೋಪಿನ ಸಾಮ್ರಾಜ್ಯಗಳ ಬಗ್ಗೆ ಓದುವಾಗ ಲಂಡನ್, ಪ್ಯಾರಿಸ್, ಬರ್ಲಿನ್, ಕಾಂಗೋ ಎಂದೆಲ್ಲ ಬರುತ್ತದೆ. ಅದೆಲ್ಲ ಬೇಕು. ಆದರೆ ಸಾಮ್ರಾಜ್ಯ ಹೇಗೆ ಕೆಲಸ ಮಾಡಿತು, ಏನು ಬಿಟ್ಟುಹೋಯಿತು ಎಂದು ನೋಡಲು ನಮ್ಮ ಮೂರು ಜಿಲ್ಲೆಗಳಿಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಒಂದೇ ಎರೆ ನೆಲ, ಒಂದೇ ಕೈಕೊಡುವ ಮಳೆ, ಅದೇ ಜೋಳ, ಅದೇ ಹತ್ತಿ, ಅದೇ ಭಾಷೆ. ನಡುವೆ ಒಂದು ಹೊಳೆ. ಒಂದು ದಡದಲ್ಲಿ ನೇರ ಬ್ರಿಟಿಷ್ ಆಡಳಿತ, ಇನ್ನೊಂದರಲ್ಲಿ ಬ್ರಿಟಿಷರ ನೆರಳಿನಲ್ಲಿ ನಿಜಾಮರ ಆಡಳಿತ. ಸುಮಾರು ಒಂದೂವರೆ ಶತಮಾನ ಹೀಗೇ ನಡೆಯಿತು. ಕೊನೆಗೆ ಎರಡೂ ದಡಗಳು ಹಿಂದುಳಿದ ಪ್ರದೇಶಗಳ ಒಂದೇ ಪಟ್ಟಿಗೆ ಬಂದು ಸೇರಿದವು. "ನಿಜಾಮರ ಆಡಳಿತದಿಂದ ಹಿಂದುಳಿದೆವು" ಎಂಬ ಮಾತು ಇಲ್ಲಿ ಎಲ್ಲರ ಬಾಯಲ್ಲೂ ಇದೆ. ಹಾಗಾದರೆ ಬಳ್ಳಾರಿ ಯಾಕೆ ಹಿಂದುಳಿಯಿತು?

ಸೈನ್ಯದ ಖರ್ಚಿಗೆ ಒಂದು ಸೀಮೆ

ಯುರೋಪಿನವರು ನಮ್ಮ ಕಡೆಗೆ ಮೊದಲು ಬಂದಾಗ ಆಳುವ ಗತ್ತಿನಲ್ಲಿ ಬರಲಿಲ್ಲ. 1520ರಲ್ಲಿ ಕೃಷ್ಣದೇವರಾಯ ರಾಯಚೂರು ಕೋಟೆಗೆ ಮುತ್ತಿಗೆ ಹಾಕಿದಾಗ ಕ್ರಿಸ್ತೊವಾವ್ ದೆ ಫಿಗೆರೆದೊ ಎಂಬ ಪೋರ್ಚುಗೀಸ್ ವ್ಯಕ್ತಿ ಸುಮಾರು 20 ಬಂದೂಕುಗಾರರೊಂದಿಗೆ ರಾಯನ ಪಕ್ಷದಲ್ಲಿದ್ದ. ಕೋಟೆ ಗೋಡೆಯ ಮೇಲೆ ತಲೆ ಕಂಡರೆ ಸಾಕು, ಗುಂಡು ಹಾರಿಸುತ್ತಿದ್ದರು. ಇದನ್ನೆಲ್ಲ ಬರೆದಿಟ್ಟವನು ಫೆರ್ನಾವ್ ನುನಿಸ್ ಎಂಬ ಕುದುರೆ ವ್ಯಾಪಾರಿ. ಅವರಿಗೆ ಗೋವಾ ಇತ್ತು, ಸಮುದ್ರ ಇತ್ತು, ಅರಬ್ಬಿ ಕುದುರೆಗಳ ವ್ಯಾಪಾರ ಇತ್ತು. ಒಳನಾಡಿನಲ್ಲಿ ಮಾತ್ರ ರಾಯರ ಅಪ್ಪಣೆ ಇಲ್ಲದೆ ಹೆಜ್ಜೆ ಇಡುವ ಹಾಗಿರಲಿಲ್ಲ.

ಮುಂದಿನ 280 ವರ್ಷಗಳಲ್ಲಿ ಈ ಸಂಬಂಧ ತಲೆಕೆಳಗಾಯಿತು. ಬಂದೂಕು ಒಂದೇ ಇದಕ್ಕೆ ಕಾರಣ ಎಂದು ನನಗೆ ಅನಿಸುವುದಿಲ್ಲ. ಟಿಪ್ಪುವಿನ ಬಳಿ ರಾಕೆಟ್ ಇದ್ದವು, ಮರಾಠರ ಬಳಿ ಫ್ರೆಂಚರಿಂದ ತರಬೇತಿ ಪಡೆದ ಪಡೆಗಳಿದ್ದವು. ವ್ಯತ್ಯಾಸ ಇದ್ದದ್ದು ದುಡ್ಡಿನ ವ್ಯವಸ್ಥೆಯಲ್ಲಿ. 1600ರಲ್ಲಿ ಹುಟ್ಟಿದ ಈಸ್ಟ್ ಇಂಡಿಯಾ ಕಂಪನಿ ಷೇರುದಾರರ ಕಂಪನಿ. ಒಬ್ಬ ರಾಜ ಸತ್ತರೆ ಗೊಂದಲವಾಗುವ ಹಾಗೆ ಅಲ್ಲಿ ಆಗುತ್ತಿರಲಿಲ್ಲ, ಲಂಡನ್ನಿನಲ್ಲಿ ಸಾಲವೂ ಸಿಗುತ್ತಿತ್ತು. 1765ರಲ್ಲಿ ಬಂಗಾಳದ ಕಂದಾಯ ವಸೂಲಿಯ ಹಕ್ಕು ಸಿಕ್ಕ ಮೇಲಂತೂ ಕೇಳುವುದೇ ಬೇಡ. ಬಂಗಾಳದ ರೈತನ ಕಂದಾಯದಲ್ಲಿ ದಕ್ಷಿಣದ ಯುದ್ಧ, ದಕ್ಷಿಣದ ಕಂದಾಯದಲ್ಲಿ ಮುಂದಿನ ಯುದ್ಧ. ಗೆಲ್ಲುವುದಕ್ಕೆ ಬೇಕಾದ ದುಡ್ಡನ್ನು ಸೋತವರೇ ಕೊಡುತ್ತಿದ್ದರು.

ಬಳ್ಳಾರಿಯ ಕಥೆ ಇದಕ್ಕೆ ಸರಿಯಾದ ಉದಾಹರಣೆ. 1798ರಲ್ಲಿ ಹೈದರಾಬಾದಿನ ನಿಜಾಮರು ಕಂಪನಿಯೊಂದಿಗೆ ಸಹಾಯಕ ಸೈನ್ಯ ಪದ್ಧತಿಯ ಒಪ್ಪಂದ ಮಾಡಿಕೊಂಡರು. ಕಂಪನಿಯ ಸೈನ್ಯ ನಿಜಾಮರ ರಾಜ್ಯದಲ್ಲಿ ಇರುತ್ತದೆ, ಖರ್ಚು ನಿಜಾಮರದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಟಿಪ್ಪುವಿನ ರಾಜ್ಯದಲ್ಲಿ ನಿಜಾಮರಿಗೂ ಒಂದು ಪಾಲು ಬಂತು. ಮರುವರ್ಷವೇ, 1800ರ ಅಕ್ಟೋಬರಿನಲ್ಲಿ, 1792 ಮತ್ತು 1799ರಲ್ಲಿ ಮೈಸೂರಿನಿಂದ ಬಂದಿದ್ದ ಆ ಸೀಮೆಯನ್ನು ಸೈನ್ಯದ ಖರ್ಚಿಗೆಂದು ಕಂಪನಿಗೆ ಬಿಟ್ಟುಕೊಟ್ಟರು. ಬಳ್ಳಾರಿ, ಅನಂತಪುರ, ಕಡಪ, ಕರ್ನೂಲಿನ ಒಂದಷ್ಟು ಭಾಗ ಹೀಗೆ ಕೈಬದಲಾದವು. ಇಲ್ಲಿನ ಜನರನ್ನು ಯಾರೂ ಕೇಳಲಿಲ್ಲ. ಯುದ್ಧದಲ್ಲಿ ಸೋತು ಹೋಗಿದ್ದರೆ ಅದೊಂದು ಮಾತು. ಇದು ಲೆಕ್ಕಪತ್ರದ ಒಂದು ಸಾಲಿನಲ್ಲಿ ಹೋದದ್ದು.

ರಾಯಚೂರಿನ ಕಥೆ ಇನ್ನೂ ವಿಚಿತ್ರ. ಸಹಾಯಕ ಸೈನ್ಯ ಸಾಲದು ಅಂತ ಹೈದರಾಬಾದಿನಲ್ಲಿ ಬ್ರಿಟಿಷ್ ಅಧಿಕಾರಿಗಳ ಕೈಕೆಳಗೆ ಇನ್ನೊಂದು ಪಡೆ ಬೆಳೆಯಿತು, ಹೈದರಾಬಾದ್ ಕಂಟಿಂಜೆಂಟ್. ಅದರ ಖರ್ಚು ವರ್ಷಕ್ಕೆ ಸುಮಾರು 40 ಲಕ್ಷ ರೂಪಾಯಿ. ಕೊಡುವವರು ಮತ್ತೆ ನಿಜಾಮರೇ. ಅದಕ್ಕಾಗಿ ವಿಲಿಯಂ ಪಾಮರ್ ಅಂಡ್ ಕಂಪನಿ ಎಂಬ ಯುರೋಪಿಯನ್ ಲೇವಾದೇವಿ ಸಂಸ್ಥೆಯಿಂದ ವರ್ಷಕ್ಕೆ ಶೇ 24ರ ಆಸುಪಾಸಿನ ಬಡ್ಡಿಗೆ ಸಾಲ ತಂದರು. ಬಡ್ಡಿ ಬೆಳೆಯಿತು, ಬಾಕಿ ಬೆಳೆಯಿತು. 1853ರಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿ ಬಾಕಿಯ ಹೆಸರಲ್ಲಿ ಬೀರಾರ್, ನಳದುರ್ಗ ಮತ್ತು ರಾಯಚೂರು ದೋಆಬನ್ನು, ಅಂದರೆ ಕೃಷ್ಣಾ-ತುಂಗಭದ್ರಾ ನಡುವಿನ ಸೀಮೆಯನ್ನು, ವಶಕ್ಕೆ ತೆಗೆದುಕೊಂಡ. 1857ರ ದಂಗೆಯಲ್ಲಿ ನಿಜಾಮರು ಬ್ರಿಟಿಷರ ಪರ ನಿಂತರು. ಅದಕ್ಕೆ ಬಹುಮಾನವಾಗಿ 1860ರಲ್ಲಿ ನಳದುರ್ಗ, ರಾಯಚೂರು ವಾಪಸ್ ಬಂದವು. ಒಳ್ಳೆಯ ಹತ್ತಿ ಬೆಳೆಯುವ ಬೀರಾರ್ ಮಾತ್ರ ಬರಲಿಲ್ಲ. ಅದನ್ನು 1902ರಲ್ಲಿ ಕಾಯಂ ಗುತ್ತಿಗೆ ಎಂದು ಬರೆಸಿಕೊಂಡರು. ರಾಯಚೂರು ಏಳು ವರ್ಷ ಅಡಮಾನದಲ್ಲಿತ್ತು, ಆಮೇಲೆ ಬಕ್ಷೀಸಾಗಿ ಮರಳಿತು.

ಸಾಲದ ಹೆಸರಲ್ಲಿ ಹಿಡಿತ ಸಾಧಿಸುವುದು ನಮ್ಮಲ್ಲಿಗೆ ಮಾತ್ರ ಸೀಮಿತವಾಗಿರಲಿಲ್ಲ. ಹೈಟಿಯ ಗುಲಾಮರು ಫ್ರೆಂಚರನ್ನು ಓಡಿಸಿ 1804ರಲ್ಲಿ ಸ್ವತಂತ್ರರಾದರು. 1825ರಲ್ಲಿ ಫ್ರಾನ್ಸ್ ಯುದ್ಧನೌಕೆ ಕಳಿಸಿ 15 ಕೋಟಿ ಫ್ರಾಂಕ್ ಪರಿಹಾರ ಕೇಳಿತು. ತೋಟ ಮತ್ತು ಗುಲಾಮರನ್ನು ಕಳೆದುಕೊಂಡ ಮಾಲೀಕರಿಗೆ ನಷ್ಟಪರಿಹಾರವಂತೆ! ಅದು ಆಮೇಲೆ 9 ಕೋಟಿಗೆ ಇಳಿಯಿತು. ಆದರೂ ಅದನ್ನು ತೀರಿಸಲು ಮಾಡಿದ ಸಾಲ 20ನೇ ಶತಮಾನದ ಮಧ್ಯದವರೆಗೂ ಆ ದೇಶದ ಕುತ್ತಿಗೆಗೆ ನೇತಾಡುತ್ತಿತ್ತು. ತನ್ನನ್ನು ಕಾಯುವ ಸೈನ್ಯಕ್ಕೆ ತಾನೇ ಸಾಲಗಾರನಾದ ಹೈದರಾಬಾದ್, ತನ್ನ ಬಿಡುಗಡೆಗೆ ತಾನೇ ಬೆಲೆ ಕೊಟ್ಟ ಹೈಟಿ. ದೂರ ಎಷ್ಟೇ ಇರಲಿ, ತಂತ್ರ ಒಂದೇ.

ಮನ್ರೋ ಸಾಹೇಬರ ಲೆಕ್ಕ

ನಮ್ಮ ಕಡೆ ಥಾಮಸ್ ಮನ್ರೋ ಹೆಸರು ಗೊತ್ತಿರುವುದು ಮಂತ್ರಾಲಯದ ಕಥೆಯಿಂದ. ಮಠದ ಜಮೀನಿನ ವಿಚಾರಕ್ಕೆ ಬಂದ ಸಾಹೇಬರಿಗೆ ರಾಘವೇಂದ್ರ ಸ್ವಾಮಿಗಳು ವೃಂದಾವನದಿಂದಲೇ ದರ್ಶನ ಕೊಟ್ಟು ಮಾತಾಡಿದರು ಎಂಬ ಕಥೆ. ನಂಬಿಕೆ ಅವರವರದು. ಆದರೆ ಒಬ್ಬ ಕಂದಾಯ ಅಧಿಕಾರಿ ಜನಪದ ಕಥೆಯಲ್ಲಿ ಇಷ್ಟು ಒಳ್ಳೆಯವನಾಗಿ ಉಳಿದದ್ದು ಸಣ್ಣ ಮಾತಲ್ಲ ಅಲ್ವಾ?

ಮನ್ರೋ 1800ರಿಂದ 1807ರವರೆಗೆ ಈ ಸೀಮೆಯ ಮುಖ್ಯ ಕಲೆಕ್ಟರ್. ಮೊದಲು ಮಾಡಿದ ಕೆಲಸ ಪಾಳೇಗಾರರನ್ನು ಮಣಿಸಿದ್ದು. ಎರಡನೆಯದು ಹೊಲಹೊಲ ಅಳೆಸಿ ರೈತವಾರಿ ಪದ್ಧತಿ ತಂದದ್ದು. ಬಂಗಾಳದ ಹಾಗೆ ನಡುವೆ ಜಮೀನ್ದಾರ ಇಲ್ಲ, ಸರ್ಕಾರ ಮತ್ತು ರೈತನ ನಡುವೆ ನೇರ ಲೆಕ್ಕ. ಕೇಳಲು ಚೆನ್ನಾಗಿದೆ. ತೊಂದರೆ ಇದ್ದದ್ದು ದರದಲ್ಲಿ. ಒಟ್ಟು ಬೆಳೆಯ ಹೆಚ್ಚುಕಡಿಮೆ ಅರ್ಧದ ಹತ್ತಿರ ಕಂದಾಯಕ್ಕೇ ಹೋಗುತ್ತಿತ್ತು. ಇದು ಜಾಸ್ತಿಯಾಯಿತು ಎಂದು ಮನ್ರೋಗೇ ಗೊತ್ತಿತ್ತು. ಹೊರಡುವ ಮುಂಚೆ, ಕಾಲು ಭಾಗ ಕಡಿಮೆ ಮಾಡಿ, ಇಲ್ಲದಿದ್ದರೆ ರೈತ ಏಳುವುದಿಲ್ಲ ಎಂದು ಬರೆದ. ಮದ್ರಾಸಿನವರು ಕೇಳಲಿಲ್ಲ. ಕಂಪನಿಗೆ ಯುದ್ಧದ ಖರ್ಚಿತ್ತು. 1808ರಿಂದ ಊರಿಗೆ ಊರನ್ನೇ ಗುತ್ತಿಗೆ ಕೊಟ್ಟರು, ಮೊದಲು ಮೂರು ವರ್ಷಕ್ಕೆ, ಆಮೇಲೆ ಹತ್ತು ವರ್ಷಕ್ಕೆ. ಗುತ್ತಿಗೆ ಹಿಡಿದವರು ಮುಳುಗಿದರು, ರೈತರೂ ಮುಳುಗಿದರು. ಮನ್ರೋ 1820ರಲ್ಲಿ ಮದ್ರಾಸಿನ ಗವರ್ನರ್ ಆಗುವ ಹೊತ್ತಿಗೆ ರೈತವಾರಿಯೂ ಕಡಿತವೂ ಒಟ್ಟಿಗೆ ಬಂದವು. ನಡುವೆ ಹೋದ ಹನ್ನೆರಡು ವರ್ಷದ ನಷ್ಟವನ್ನು ಯಾರೂ ತುಂಬಿಕೊಡಲಿಲ್ಲ.

ಒಳ್ಳೆಯ ಅಧಿಕಾರಿ ಇರಬಹುದು, ಅವನಿಗೆ ಊರಿನ ಕಷ್ಟ ಗೊತ್ತಿರಬಹುದು. ಆದರೆ ದರ ಎಷ್ಟಿರಬೇಕು ಎಂದು ನಿಶ್ಚಯಿಸುವ ಮೇಜು ಬೇರೆ ಕಡೆ ಇತ್ತು. ಆ ಮೇಜಿನ ಮುಂದೆ ಬಳ್ಳಾರಿಯವರು ಯಾರೂ ಇರಲಿಲ್ಲ. ಬ್ರಿಟಿಷರು ಒಳ್ಳೆಯವರಾ ಕೆಟ್ಟವರಾ ಎಂಬ ವಾದದಲ್ಲಿ ಈ ಸಂಗತಿ ಕಾಣೆಯಾಗುತ್ತದೆ.

ಹೊಳೆಯ ಆಚೆ ದಡದ ಲೆಕ್ಕ ಬೇರೆ. ಕೊಪ್ಪಳ ಹೈದರಾಬಾದಿಗೆ ದಿವಾನರನ್ನು ಕೊಟ್ಟ ಸಾಲಾರ್ ಜಂಗ್ ಮನೆತನದ ಜಹಗೀರು. ರೈತನಿಗೂ ನಿಜಾಮರಿಗೂ ನಡುವೆ ಜಹಗೀರುದಾರ, ಅವನ ಕೆಳಗೆ ಅವನ ಜನ. ನಿಜಾಮರು ಅಸಡ್ಡೆ ಮಾಡಿದರೂ ಕೇಳುವವರಿಲ್ಲ. ಯಾಕೆಂದರೆ ಪಟ್ಟಕ್ಕೆ ಅಪಾಯ ಬಂದರೆ ಕಾಯಲು ಬ್ರಿಟಿಷ್ ಸೈನ್ಯ ಇತ್ತು. ಜನರ ದಂಗೆಗೆ ಹೆದರಿ ನಡೆಯುವ ಅಗತ್ಯ ನಿಜಾಮರಿಗೆ ಇರಲಿಲ್ಲ. 1819ರಲ್ಲಿ ಕೊಪ್ಪಳದ ವೀರಪ್ಪ ಎದ್ದಾಗ ಕೋಟೆಗೆ ಬಂದದ್ದು ಬ್ರಿಟಿಷ್ ಪಡೆ. 1858ರಲ್ಲಿ ಮುಂಡರಗಿ ಭೀಮರಾಯ, ಹಮ್ಮಿಗಿ ಕೆಂಚನಗೌಡ ಕೊಪ್ಪಳ ಕೋಟೆ ಹಿಡಿದಾಗಲೂ ಅದೇ ಆಯಿತು. ಆ ಜೂನ್ 1ರಂದು ಇಬ್ಬರೂ ಅಲ್ಲೇ ಮಡಿದರು. ಮುಂಡರಗಿ ಬಾಂಬೆ ಪ್ರಾಂತ್ಯ, ಕೊಪ್ಪಳ ನಿಜಾಮರ ಸೀಮೆ. ದಂಗೆಗೆ ಗಡಿ ಇರಲಿಲ್ಲ, ಹತ್ತಿಕ್ಕಿದ ಪಡೆಗೂ ಇರಲಿಲ್ಲ.

ಇದಕ್ಕೆ ಆಮೇಲೆ ಪರೋಕ್ಷ ಆಡಳಿತ ಎಂಬ ದೊಡ್ಡ ಹೆಸರು ಬಂತು. ಉತ್ತರ ನೈಜೀರಿಯಾದಲ್ಲಿ ಬ್ರಿಟಿಷ್ ಅಧಿಕಾರಿ ಲೂಗಾರ್ಡ್ ಅಲ್ಲಿನ ಅಮೀರರನ್ನು ಇಟ್ಟುಕೊಂಡೇ ಆಳಿದ್ದು ಇದೇ ರೀತಿ. ಖರ್ಚು ಕಡಿಮೆ, ಬೈಗುಳ ಸ್ಥಳೀಯ ದೊರೆಗೆ. ಹೈದರಾಬಾದಿನಲ್ಲಿ ಇದು ಎಷ್ಟು ಚೆನ್ನಾಗಿ ಕೆಲಸ ಮಾಡಿತೆಂದರೆ ಇವತ್ತಿಗೂ ನಾವು ಬೈಯುವಾಗ ನಿಜಾಮರಲ್ಲೇ ನಿಲ್ಲಿಸುತ್ತೇವೆ, ಅವರ ಬೆನ್ನ ಹಿಂದಿದ್ದ ರೆಸಿಡೆನ್ಸಿ, ಅಂದರೆ ಬ್ರಿಟಿಷ್ ಪ್ರತಿನಿಧಿಯ ಕಚೇರಿ, ನೆನಪಿಗೆ ಬರುವುದಿಲ್ಲ. ಹಾಗಂತ ನಿಜಾಮರ ತಪ್ಪು ಕಡಿಮೆ ಎಂದಲ್ಲ. ಆಡಳಿತ ಉರ್ದುವಿನಲ್ಲಿ, ಶಾಲೆ ಉರ್ದುವಿನಲ್ಲಿ, ಕನ್ನಡದ ಮಗುವಿಗೆ ಓದು ದೂರವೇ ಉಳಿಯಿತು. ರಾಯಚೂರಿನಲ್ಲಿ ಪಂಡಿತ ತಾರಾನಾಥರು ಹಮ್‌ದರ್ದ್ ಶಾಲೆ ಕಟ್ಟಿದ್ದು ಇಂಥ ಕಾಲದಲ್ಲಿ. ಹೊಳೆಯ ಈಚೆ ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನವರು 19ನೇ ಶತಮಾನದ ಆರಂಭದಲ್ಲೇ ಶಾಲೆ ತೆರೆದಿದ್ದರು. ಆ ಮಿಷನ್ನಿನ ವಿಲಿಯಂ ರೀವ್ ಮಾಡಿದ ಕನ್ನಡ-ಇಂಗ್ಲಿಷ್ ನಿಘಂಟು 1832ರಲ್ಲಿ ಅಚ್ಚಾಯಿತು. ಶಾಲೆಯ ವಿಷಯದಲ್ಲಿ ಬಲದಂಡೆ ಮುಂದೆ ಇತ್ತು, ಒಪ್ಪಲೇಬೇಕು.

ರೈಲು ಬಂತು, ಕಾಲುವೆ ಬರಲಿಲ್ಲ

ಈಗ ನೀರಿಗೆ ಬರೋಣ. ಹಂಪಿಯ ಸುತ್ತ ತುಂಗಭದ್ರೆಯಿಂದ ತೆಗೆದ ವಿಜಯನಗರ ಕಾಲದ ಕಾಲುವೆಗಳು ಇವತ್ತಿಗೂ ಭತ್ತ, ಬಾಳೆ, ಕಬ್ಬು ಬೆಳೆಸುತ್ತಿವೆ. ರಾಯ ಕಾಲುವೆ, ಬಸವಣ್ಣ ಕಾಲುವೆ, ತುರ್ತಾ ಕಾಲುವೆ. ಅಂದರೆ ಈ ಹೊಳೆಯ ನೀರನ್ನು ಹೊಲಕ್ಕೆ ತಿರುಗಿಸಬಹುದು ಎಂದು ಕಂಡುಹಿಡಿಯಲು ಯಾರೂ ಲಂಡನ್ನಿನಿಂದ ಬರಬೇಕಿರಲಿಲ್ಲ. ಆದರೂ ಒಬ್ಬ ಇಂಗ್ಲಿಷ್ ಎಂಜಿನಿಯರ್ ಈ ಮಾತನ್ನು ಗಟ್ಟಿಯಾಗಿ ಹೇಳಿದ. ಗೋದಾವರಿ ಆಣೆಕಟ್ಟು ಕಟ್ಟಿದ ಆರ್ಥರ್ ಕಾಟನ್. 1860ರ ಸುಮಾರಿಗೇ ತುಂಗಭದ್ರೆಗೆ ದೊಡ್ಡ ಜಲಾಶಯ ಬೇಕು ಎಂಬ ಯೋಜನೆ ಅವನದು. ರೈಲಿಗಿಂತ ಕಾಲುವೆ ಮುಖ್ಯ ಎಂದು ಅವನು ಜೀವನವಿಡೀ ವಾದಿಸಿದ.

ಕಾಲುವೆ ಕೆಲಸವನ್ನು ಮದ್ರಾಸ್ ಇರಿಗೇಷನ್ ಕಂಪನಿ ಎಂಬ ಖಾಸಗಿ ಕಂಪನಿಗೆ ಕೊಟ್ಟರು, ಬಂಡವಾಳಕ್ಕೆ ಸರ್ಕಾರದ ಬಡ್ಡಿ ಖಾತರಿಯೊಂದಿಗೆ. ಕಟ್ಟಿದ್ದು ಕೆಳಗಿನ ಕರ್ನೂಲು-ಕಡಪ ಕಾಲುವೆ ಮಾತ್ರ. ಅದರಲ್ಲಿ ನಷ್ಟವಾಗಿ 1882ರಲ್ಲಿ ಸರ್ಕಾರವೇ ಅದನ್ನು ಕೊಂಡುಕೊಂಡಿತು. ಮೇಲಿನ ಬಳ್ಳಾರಿ ಯೋಜನೆ ಕಾಗದದಲ್ಲೇ ಉಳಿಯಿತು. ರೈಲು ಮಾತ್ರ ಬೇಗ ಬಂತು. ಬಾಂಬೆ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ, ಮದ್ರಾಸಿನಿಂದ ಬಂದ ಮದ್ರಾಸ್ ರೈಲ್ವೆ 1871ರಲ್ಲಿ ರಾಯಚೂರಿನಲ್ಲಿ ಕೂಡಿದವು. ಬಳ್ಳಾರಿಗೂ ಆ ಹೊತ್ತಿಗೆ ರೈಲಿತ್ತು. ಹಳಿಗೆ ಹಾಕಿದ ದುಡ್ಡಿಗೆ ಲಂಡನ್ನಿನ ಷೇರುದಾರರಿಗೆ ಶೇ 5ರ ಬಡ್ಡಿ ಖಾತರಿ. ಲಾಭ ಬಂದರೆ ಅವರಿಗೆ, ಬರದಿದ್ದರೆ ತುಂಬುವುದು ಇಲ್ಲಿನ ಕಂದಾಯ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, ಅಂದರೆ 1861ರಿಂದ 1865ರವರೆಗೆ, ಮ್ಯಾಂಚೆಸ್ಟರಿಗೆ ಹತ್ತಿ ಸಿಗದೆ ನಮ್ಮ ಹತ್ತಿಗೆ ಎಂದೂ ಕಾಣದ ರೇಟು ಬಂತು. ಯುದ್ಧ ಮುಗಿಯಿತು, ರೇಟು ಬಿತ್ತು. ರೇಟು ನೋಡಿ ಸಾಲ ಮಾಡಿದ್ದವರು ಸಾಲದಲ್ಲೇ ಉಳಿದರು.

ಆಮೇಲೆ ಬಂತು ಧಾತು ಸಂವತ್ಸರದ ಬರ. 1876ರಿಂದ 1878. ಮದ್ರಾಸ್ ಪ್ರಾಂತ್ಯದಲ್ಲಿ ಅತಿ ಹೆಚ್ಚು ನಲುಗಿದ ಜಿಲ್ಲೆಗಳಲ್ಲಿ ಬಳ್ಳಾರಿ ಒಂದು. ಹಳಿ ಇತ್ತು, ರೈಲಿತ್ತು, ದೇಶದಲ್ಲಿ ಧಾನ್ಯವೂ ಇತ್ತು. ಬ್ರಿಟನ್ನಿಗೆ ಗೋಧಿ ರಫ್ತೂ ನಿಲ್ಲಲಿಲ್ಲ. ಇಲ್ಲಿ ಕೊಳ್ಳುವ ಶಕ್ತಿ ಇರಲಿಲ್ಲ. ರೈಲು ಧಾನ್ಯವನ್ನು ಹಸಿವಿದ್ದ ಕಡೆಗೆ ಒಯ್ಯುವುದಿಲ್ಲ, ದುಡ್ಡಿದ್ದ ಕಡೆಗೆ ಒಯ್ಯುತ್ತದೆ. 1877ರ ಜನವರಿ 1ರಂದು ವೈಸ್‌ರಾಯ್ ಲಿಟ್ಟನ್ ದೆಹಲಿಯಲ್ಲಿ ವಿಕ್ಟೋರಿಯಾ ರಾಣಿಯನ್ನು ಚಕ್ರವರ್ತಿನಿ ಎಂದು ಸಾರುವ ದರ್ಬಾರ್ ನಡೆಸಿದ. ಅದೇ ತಿಂಗಳು ಸರ್ಕಾರದ ಪ್ರತಿನಿಧಿಯಾಗಿ ಬರ ನೋಡಲು ಬಂದ ರಿಚರ್ಡ್ ಟೆಂಪಲ್ ಪರಿಹಾರ ಕಾಮಗಾರಿಯ ಕೂಲಿಯನ್ನು ಕಡಿತ ಮಾಡಿದ. ದಿನಕ್ಕೆ ಒಂದು ಪೌಂಡ್ ಧಾನ್ಯ, ಅಂದರೆ ಅರ್ಧ ಕೆಜಿಗೂ ಕಡಿಮೆ, ಜೊತೆಗೆ ಒಂದಾಣೆ. ಇಷ್ಟರಲ್ಲಿ ದುಡಿಯುವ ಮನುಷ್ಯ ಬದುಕುವುದಿಲ್ಲ ಎಂದು ಮದ್ರಾಸಿನ ಆರೋಗ್ಯ ಕಮಿಷನರ್ ಕಾರ್ನಿಶ್ ಪಟ್ಟು ಹಿಡಿದ. ಕೆಲವು ತಿಂಗಳ ನಂತರ ಕೂಲಿ ಏರಿತು. ಅಷ್ಟರಲ್ಲಿ ಆಗಬೇಕಾದ್ದು ಆಗಿಹೋಗಿತ್ತು. 1871ರ ಜನಗಣತಿಗೂ 1881ರ ಜನಗಣತಿಗೂ ನಡುವೆ ಬಳ್ಳಾರಿಯ ಜನಸಂಖ್ಯೆ ಸುಮಾರು ಐದನೇ ಒಂದು ಭಾಗ ಕುಸಿಯಿತು. ಸತ್ತವರು, ಗುಳೆ ಹೋದವರು, ಹುಟ್ಟದೇ ಉಳಿದವರು ಎಲ್ಲ ಆ ಲೆಕ್ಕದಲ್ಲಿದ್ದಾರೆ.

ಬಳ್ಳಾರಿಯ ಪ್ರಶ್ನೆಗೆ ನನ್ನ ಉತ್ತರ ಬಹುಪಾಲು ಇಲ್ಲೇ ಇದೆ. ಮಳೆ ಕೈಕೊಡುವುದು ಎರಡೂ ದಡಕ್ಕೆ ಸಮಾನ. ಆದರೆ ಮಳೆ ಇಲ್ಲದ ಸೀಮೆಯಲ್ಲಿ ಕೈಯಲ್ಲಿ ಕಾಸಿಲ್ಲದಂತೆ ಮಾಡುವ ಕಂದಾಯ, ಹಳಿಗೆ ಸಿಕ್ಕ ದುಡ್ಡು ಬಳ್ಳಾರಿಯ ಕಾಲುವೆಗೆ ಸಿಗದ ಹಾಗೆ ಮಾಡುವ ಹಣಕಾಸು, ಇವೆರಡೂ ಮನುಷ್ಯರ ತೀರ್ಮಾನ. ಎಡದಂಡೆಯನ್ನು ಅಸಡ್ಡೆ ಹಾಳು ಮಾಡಿತು, ಬಲದಂಡೆಯನ್ನು ಲೆಕ್ಕಾಚಾರ ಹಾಳು ಮಾಡಿತು.

ಅಣೆಕಟ್ಟೆಯ ವಿಷಯಕ್ಕೆ ಗಡಿಯೂ ಅಡ್ಡ ಬಂತು. ಹೊಳೆಯ ಒಂದು ಕಡೆ ಮದ್ರಾಸ್, ಇನ್ನೊಂದು ಕಡೆ ಹೈದರಾಬಾದ್, ಮೇಲೆ ಮೈಸೂರು. ಮೈಸೂರಿನೊಂದಿಗೆ 1892ರಲ್ಲಿ ಒಂದು ಒಪ್ಪಂದ ಆಯಿತು. ಮದ್ರಾಸ್-ಹೈದರಾಬಾದ್ ನಡುವೆ ಕೆಲಸ ಶುರು ಮಾಡುವಷ್ಟು ಒಪ್ಪಂದ ಆಗುವಾಗ 1944. ತಲಾ 65 ಟಿಎಂಸಿ ಎಂದು ಹಂಚಿಕೊಂಡು 1945ರ ಫೆಬ್ರುವರಿಯಲ್ಲಿ ಅಡಿಗಲ್ಲು ಹಾಕಿದರು. ಎಡಗಡೆ ಹೈದರಾಬಾದಿನ ಎಂಜಿನಿಯರರು, ಬಲಗಡೆ ಮದ್ರಾಸಿನ ಎಂಜಿನಿಯರರು. ಕಾಟನ್ ಹೇಳಿ ಎಂಬತ್ತೈದು ವರ್ಷ ಕಳೆದಿತ್ತು. ನೀರು ನಿಂತದ್ದು ಬ್ರಿಟಿಷರು ಹೋದ ಮೇಲೆ. ಅಂದು ಹತ್ತಿರ ಹತ್ತಿರ 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ ಈಗ 105.788 ಟಿಎಂಸಿಗೆ ಇಳಿದಿದೆ. ಕೊರತೆ ಬಂದಾಗ ಮೊದಲು ಒಣಗುವುದು ಎಡದಂಡೆ ಕಾಲುವೆಯ ಕೊನೆ ಭಾಗದ ರಾಯಚೂರು ಹೊಲಗಳು.

ಗುಡ್ಡದ ಮಣ್ಣು

ಗಣಿ ವಿಚಾರ ಬಂದರೆ ನಮ್ಮ ಕಡೆ ಎಲ್ಲರಿಗೂ 2000ರ ದಶಕ, ಕಬ್ಬಿಣದ ಅದಿರು ಕೊಳ್ಳುತ್ತಿದ್ದ ಚೀನಾ, ಅಲ್ಲಿನ ಒಲಿಂಪಿಕ್ಸ್, ಲಾರಿಗಳ ಸಾಲು ನೆನಪಾಗುತ್ತದೆ. ಗುಡ್ಡದಲ್ಲಿ ಏನಿದೆ ಎಂದು ಮೊದಲು ನಕ್ಷೆ ಬರೆದವನು ರಾಬರ್ಟ್ ಬ್ರೂಸ್ ಫೂಟ್. ಬಳ್ಳಾರಿ ಜಿಲ್ಲೆಯ ಭೂವಿಜ್ಞಾನದ ಬಗ್ಗೆ ಅವನ ವರದಿ 1895ರಲ್ಲಿ ಬಂತು. ಸಂಗನಕಲ್ಲಿನ ಹತ್ತಿರ ನವಶಿಲಾಯುಗದ ಕಲ್ಲಿನ ಕೊಡಲಿಗಳನ್ನು ಗುರುತಿಸಿದವನೂ ಅವನೇ. ಒಳ್ಳೆಯ ವಿಜ್ಞಾನಿ, ಅನುಮಾನವೇ ಇಲ್ಲ. ಆದರೆ ಸಾಮ್ರಾಜ್ಯದಲ್ಲಿ ನಕ್ಷೆಯ ಹಿಂದೆಯೇ ಕಂಪನಿ ಬರುತ್ತದೆ. 20ನೇ ಶತಮಾನದ ಮೊದಲ ದಶಕದಲ್ಲೇ ಸಂಡೂರು ಸಂಸ್ಥಾನದಲ್ಲಿ ಯುರೋಪಿನ ಉಕ್ಕಿನ ಕಾರ್ಖಾನೆಗಳಿಗಾಗಿ ಮ್ಯಾಂಗನೀಸ್ ತೆಗೆಯುವುದು ಶುರುವಾಯಿತು.

ರಾಯಚೂರಿನ ಕಡೆಯದು ಇನ್ನೂ ಸ್ವಾರಸ್ಯ. 1886ರಲ್ಲಿ ನಿಜಾಮ್ ಸರ್ಕಾರದ ಗಣಿ ಹಕ್ಕುಗಳನ್ನು 99 ವರ್ಷಕ್ಕೆ ಪಡೆದು ಹೈದರಾಬಾದ್ ಡೆಕ್ಕನ್ ಕಂಪನಿ ಎಂದು ಲಂಡನ್ನಿನಲ್ಲಿ ತೆರೆದರು. ಹಕ್ಕು ಪಡೆದವರು ಬಹುಪಾಲು ಷೇರುಗಳನ್ನು ತಾವೇ ಇಟ್ಟುಕೊಂಡು, ರೇಟು ಏರಿಸಿ ಮಾರಿದರು. ಹೈದರಾಬಾದಿನ ದೊಡ್ಡ ಅಧಿಕಾರಿಯೊಬ್ಬನೂ ಇದರಲ್ಲಿದ್ದ. ಗಲಾಟೆ ಎಷ್ಟಾಯಿತೆಂದರೆ 1888ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ಸಮಿತಿಯೇ ವಿಚಾರಣೆ ನಡೆಸಿತು. ಮಣ್ಣು ಅಗೆಯುವ ಮುಂಚೆಯೇ ಕಾಗದದ ಮೇಲೆ ದುಡ್ಡು ಮಾಡುವುದು ಇವತ್ತಿನ ಚಾಳಿ ಎಂದುಕೊಂಡವರು ಈ ಪ್ರಕರಣ ಓದಬೇಕು. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಪುರಾತನ ಕಾಲದ ಗುಂಡಿಗಳ ಜಾಡು ಹಿಡಿದು ಮತ್ತೆ ಚಿನ್ನ ತೆಗೆದು 1920ರಲ್ಲಿ ನಿಲ್ಲಿಸಿದರು. ಈಗ ನಡೆಯುತ್ತಿರುವ ಸರ್ಕಾರಿ ಕಂಪನಿಯ ಮೂಲ 1947ರದ್ದು.

ಬ್ರಿಟಿಷರು ಹೋದರೂ ಅದಿರು ಹೋಗುವ ದಾರಿ ಬದಲಾಗಲಿಲ್ಲ. ಅಗೆಯುವುದು ಇಲ್ಲಿ, ಧೂಳು ಇಲ್ಲಿ, ಲಾಭ ಬಂದರಿನಾಚೆ. 2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆ ವರದಿ ಬಂದು, ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸುವವರೆಗೂ ಅದೇ ನಡೆಯಿತು. ಆಗ ಗುಡ್ಡ ಬಗೆದವರಲ್ಲಿ ಒಬ್ಬ ಬಿಳಿಯನೂ ಇರಲಿಲ್ಲ. ಇದನ್ನು ನವ ವಸಾಹತುಶಾಹಿ ಎಂದು ಕರೆದು ಹೊರಗಿನವರ ಮೇಲೆ ಹಾಕುವುದು ಸುಲಭ. ನಮ್ಮವರೇ ಆ ದಾರಿಯನ್ನು ಉಳಿಸಿಕೊಂಡದ್ದು ಯಾಕೆಂದರೆ ಅದು ಅವರಿಗೆ ಲಾಭದ್ದು. ಅಷ್ಟೇ.

ಇನ್ನೊಂದು ಗುಂಪಿನ ಬಗ್ಗೆ ಇಲ್ಲಿ ಹೇಳದಿದ್ದರೆ ತಪ್ಪಾಗುತ್ತದೆ. ಎತ್ತಿನ ಮೇಲೆ ಹೇರು ಹೊರಿಸಿ ಉಪ್ಪು, ಧಾನ್ಯ ಸಾಗಿಸುತ್ತಿದ್ದವರು ಲಂಬಾಣಿಗಳು. ಟಿಪ್ಪು ವಿರುದ್ಧದ ಯುದ್ಧದಲ್ಲಿ ಕಂಪನಿಯ ಸೈನ್ಯ ಉಂಡದ್ದು ಅವರು ತಂದ ಧಾನ್ಯವನ್ನು. ರಸ್ತೆ, ರೈಲು ಬಂದು ಅವರ ಕಸುಬು ಹೋಯಿತು. 1871ರಲ್ಲಿ ಉತ್ತರದಲ್ಲಿ ಶುರುವಾಗಿ 1911ರ ಹೊತ್ತಿಗೆ ಮದ್ರಾಸಿಗೂ ಬಂದ ಅಪರಾಧಿ ಬುಡಕಟ್ಟು ಕಾಯ್ದೆ, ಅಲೆದಾಡುವ ಸಮುದಾಯಗಳನ್ನು ಹುಟ್ಟಿನಿಂದಲೇ ಕಳ್ಳರೆಂದು ಪಟ್ಟಿ ಮಾಡಿತು. ನಮ್ಮ ಸೀಮೆಯ ಕೊರಚರೂ ಅದರಲ್ಲಿ ಸಿಕ್ಕಿಕೊಂಡರು. ಕಾಯ್ದೆ 1952ರಲ್ಲಿ ಹೋಯಿತು. ಇವತ್ತು ಕಟಾವಿನ ಕಾಲಕ್ಕೆ, ಕಟ್ಟಡ ಕೆಲಸಕ್ಕೆ ತಾಂಡಾಗಳಿಂದ ಗುಳೆ ಹೋಗುವವರನ್ನು ನೋಡುವಾಗ ಈ ಹಿಂದಿನ ಕಥೆ ನೆನಪಿರಲಿ.

ಪಟ್ಟಿ, ಪಹಣಿ, ಭೂಮಿ

ಬಳ್ಳಾರಿ 1947ರ ಆಗಸ್ಟ್ 15ಕ್ಕೆ ಸ್ವತಂತ್ರವಾಯಿತು. ರಾಯಚೂರು, ಕೊಪ್ಪಳ 1948ರ ಸೆಪ್ಟೆಂಬರ್ 17ಕ್ಕೆ. ಆ ಹದಿಮೂರು ತಿಂಗಳಲ್ಲಿ ಗಡಿಯಾಚೆಯ ಮುಂಡರಗಿಯಲ್ಲಿ ಶಿಬಿರ ಹಾಕಿ ಅಳವಂಡಿ ಶಿವಮೂರ್ತಿಸ್ವಾಮಿಗಳಂಥವರು ಹೋರಾಡಿದರು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೆ ಸೇರಿತು. ಆದವಾನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಮೂರೂ ಜಿಲ್ಲೆಗಳ ನೆಲ ಒಂದೇ ರಾಜ್ಯಕ್ಕೆ ಬಂದದ್ದು 1956ರ ನವೆಂಬರ್ 1ರಂದು. ಹಳೆಯ ಗೆರೆ ಕಾಗದಗಳಲ್ಲಿ ಮಾತ್ರ ಉಳಿಯಿತು. ಭೂಮಿ ವ್ಯಾಜ್ಯ ಇರುವವರನ್ನು ಕೇಳಿ. ರಾಯಚೂರು ಕಡೆಯವರು ಹೈದರಾಬಾದಿನ ಕಾಲದ ಭೂದಾಖಲೆಗಳಾದ ಸೇತ್ವಾರ್, ಖಾಸ್ರಾ ಪಹಣಿ ಹುಡುಕುತ್ತಾರೆ. ಬಳ್ಳಾರಿ ಕಡೆಯವರು ಮದ್ರಾಸಿನ ಕಾಲದ ಸೆಟಲ್‌ಮೆಂಟ್ ರಿಜಿಸ್ಟರ್ ತೆಗೆಸುತ್ತಾರೆ.

ಸಂವಿಧಾನದ 371ಜೆ ವಿಧಿಗೆ ಪಾರ್ಲಿಮೆಂಟ್ 2012ರ ಡಿಸೆಂಬರಿನಲ್ಲಿ ಒಪ್ಪಿಗೆ ಕೊಟ್ಟಿತು. ಶಿಕ್ಷಣದಲ್ಲಿ, ಸರ್ಕಾರಿ ಕೆಲಸದಲ್ಲಿ ಸ್ಥಳೀಯರಿಗೆ ಮೀಸಲು, ಅಭಿವೃದ್ಧಿಗೆ ಪ್ರತ್ಯೇಕ ಮಂಡಳಿ. ಅದರ ಹೆಸರು ಹೈದರಾಬಾದ್-ಕರ್ನಾಟಕ ಎಂದಿದ್ದರೂ 1800ರಲ್ಲೇ ಹೈದರಾಬಾದಿನ ಕೈಬಿಟ್ಟುಹೋದ ಬಳ್ಳಾರಿಯೂ ಅದರಲ್ಲಿದೆ. 2019ರಲ್ಲಿ ಹೆಸರು ಕಲ್ಯಾಣ ಕರ್ನಾಟಕ ಎಂದಾಯಿತು. ಬಳ್ಳಾರಿ ಸುಮ್ನೆ ಸೇರಿಕೊಂಡಿತು ಎಂದು ಗೊಣಗುವವರಿದ್ದಾರೆ. ನನ್ನ ಮಟ್ಟಿಗೆ ಬಳ್ಳಾರಿ ಆ ಪಟ್ಟಿಯಲ್ಲಿರುವುದು ಸರಿ. ಸರಿಯಿಲ್ಲದ್ದು ಆ ಪಟ್ಟಿಗೆ ನಾವು ಕೊಡುವ ವಿವರಣೆ. ಒಬ್ಬ ದೊರೆಯ ತಪ್ಪಿನಿಂದ ಹಿಂದುಳಿದದ್ದು ಎಂದುಕೊಂಡರೆ ಮೀಸಲಾತಿ ಕೊಟ್ಟರೆ ಸಾಕು ಎನಿಸುತ್ತದೆ. ತೀರ್ಮಾನ ಬೇರೆ ಕಡೆ ಆಗುತ್ತಿತ್ತು, ಕಚ್ಚಾ ಮಾಲು ಹೊರಗೆ ಹೋಗುತ್ತಿತ್ತು ಎಂದುಕೊಂಡರೆ ಕೇಳಬೇಕಾದ ಪ್ರಶ್ನೆಯೇ ಬೇರೆಯಾಗುತ್ತದೆ: ಈಗ ತೀರ್ಮಾನ ಎಲ್ಲಿ ಆಗುತ್ತಿದೆ?

ಭೂಮಿಯ ವಿಷಯದಲ್ಲಿ ಈ ಪ್ರಶ್ನೆ ಬಿಸಿಯಾಗಿಯೇ ಇದೆ. ಸಾರ್ವಜನಿಕ ಉದ್ದೇಶ ಎಂದು ಸರ್ಕಾರ ಹೇಳಿದರೆ ರೈತ ಬೇಡ ಎನ್ನುವ ಹಾಗಿಲ್ಲ ಎಂಬ ತತ್ವವನ್ನು ದೇಶಕ್ಕೆಲ್ಲ ಗಟ್ಟಿ ಮಾಡಿದ್ದು 1894ರ ಭೂಸ್ವಾಧೀನ ಕಾಯ್ದೆ. ಸ್ವತಂತ್ರ ಭಾರತ ಅದನ್ನು 2013ರವರೆಗೆ ಇಟ್ಟುಕೊಂಡಿತು. 2014ರ ಜನವರಿ 1ರಿಂದ ಜಾರಿಯಾದ ಹೊಸ ಕಾಯ್ದೆಯಲ್ಲಿ ರೈತರ ಒಪ್ಪಿಗೆ, ಸಾಮಾಜಿಕ ಪರಿಣಾಮದ ಅಧ್ಯಯನ ಬಂದವು. ಆದರೆ ಕರ್ನಾಟಕದಲ್ಲಿ ಕೈಗಾರಿಕೆಗೆ ಭೂಮಿ ಪಡೆಯಲು 1966ರ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆ ಬೇರೆಯೇ ಇದೆ, ಅದರ ಮೈಕಟ್ಟು ಹಳೆಯದೇ. ಬಳ್ಳಾರಿಯ ಕುಡುತಿನಿ ಸುತ್ತಮುತ್ತ 2010ರ ಆಸುಪಾಸಿನಲ್ಲಿ ಉಕ್ಕಿನ ಕಾರ್ಖಾನೆಗಳಿಗೆಂದು ಸಾವಿರಾರು ಎಕರೆ ಹೋಯಿತು. ಕಾರ್ಖಾನೆಗಳು ಬರಲಿಲ್ಲ. 2022ರ ಡಿಸೆಂಬರಿನಲ್ಲಿ ರೈತರು ಧರಣಿ ಕೂತರು. ಹೊಸ ದರ ಕೊಡಿ, ಕೆಲಸ ಕೊಡಿ, ಆಗದಿದ್ದರೆ ಭೂಮಿ ವಾಪಸ್ ಕೊಡಿ ಎಂಬುದು ಬೇಡಿಕೆ. ಕೊಪ್ಪಳದಲ್ಲಿ 2025ರ ಫೆಬ್ರುವರಿಯಲ್ಲಿ ಊರಿನ ಮಗ್ಗುಲಲ್ಲೇ ದೊಡ್ಡ ಉಕ್ಕಿನ ಕಾರ್ಖಾನೆ ಬೇಡ ಎಂದು ಗವಿಮಠದ ಸ್ವಾಮಿಗಳ ಮುಂದಾಳತ್ವದಲ್ಲಿ ಸಾವಿರಾರು ಜನ ಬೀದಿಗಿಳಿದರು. ರಾಯಚೂರಿನವರು ಏಮ್ಸ್ ಬೇಕೆಂದು 2022ರ ಮೇ ತಿಂಗಳಿನಲ್ಲಿ ಧರಣಿ ಶುರು ಮಾಡಿದರು, ಅದು ಸಾವಿರ ದಿನ ದಾಟಿತು. ಮೂರೂ ಕಡೆಯವರ ಮನವಿ ಪತ್ರಗಳು ಹೋಗುವುದು ಬೆಂಗಳೂರಿಗೆ, ದೆಹಲಿಗೆ.